ಟಿಬಿಲಿಸಿಗೆ ಒಯ್ದ ಕಗ್ಗಂಟು

ಗಾಜಿನ ಕಿಂಡಿಯ ಮುಂದೆ

"ಯಾವ ಕೆಲಸಕ್ಕೆ ಬಂದಿದ್ದೀರಿ?" ಎಂದು ಗಾಜಿನ ಕಿಂಡಿಯ ಆಚೆ ಕೂತಿದ್ದ ಯುವತಿ ಇಂಗ್ಲಿಷಿನಲ್ಲಿ ಕೇಳಿದಳು. ಈ ಪ್ರಶ್ನೆ ಬಂದೇ ಬರುತ್ತದೆಂದು ಕುಂಬ್ರದ ನಮ್ಮ ಮನೆಯಿಂದಲೇ ಉತ್ತರವನ್ನು ಉರು ಹೊಡೆದುಕೊಂಡು ಬಂದಿದ್ದೆ. "ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಸ್ಪರ್ಧೆಗೆ" ಎಂದೆ. ಅವಳು ಆಮಂತ್ರಣವನ್ನು ಓದಿ ಹುಬ್ಬೇರಿಸಿದಳು.

"ಯಾರಿಗೂ ಓದಲಾಗದ ಪ್ರೋಗ್ರಾಂ ಎಂದು ಇಲ್ಲಿ ಬರೆದಿದೆ. ಅಚ್ಚಿನ ತಪ್ಪೇ?"

"ಅಲ್ಲ, ಸರಿಯಾಗಿಯೇ ಇದೆ."

"ಓದಲಾಗದ್ದನ್ನು ಯಾಕೆ ಬರೆಯುತ್ತೀರಿ?"

ಹಿಂದಿನಿಂದ ಕುಸುಮಕ್ಕ ನನ್ನ ಭುಜದ ಮೇಲಿಂದ ಬಗ್ಗಿ, ಗಣಿತದ ಕ್ಲಾಸಿನಲ್ಲಿ ಕೊನೆಯ ಬೆಂಚಿಗೂ ಕೇಳುತ್ತಿದ್ದ ಅದೇ ಸ್ವರದಲ್ಲಿ, "ಫಾರ್ ಹ್ಯಾಪಿನೆಸ್, ಮೇಡಂ!" ಎಂದರು. ಯುವತಿ ಪಕ್ಕದ ಕಿಂಡಿಯವನನ್ನು ಕರೆದು ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ನಮ್ಮ ಪಾಸ್‌ಪೋರ್ಟುಗಳ ಮೇಲೆ ಮುದ್ರೆ ಬಿತ್ತು.

ಓದುವವರಿಗೂ ಅದೇ ಪ್ರಶ್ನೆ ಇರಬಹುದು. ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಅದಕ್ಕೆ ಸಾಲು ಸಾಲಾಗಿ ಬರೆದುಕೊಡುವುದೇ ಪ್ರೋಗ್ರಾಂ. ಅದು ಬೇರೆಯವರು ಓದಿದ ಕೂಡಲೇ ತಿಳಿಯುವಂತಿರಬೇಕು. ಪುತ್ತೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳಿಗೆ ನಾನು ದಿನವೂ ಹೇಳುವುದು ಇದನ್ನೇ. ಆದರೆ ಇದನ್ನು ತಲೆಕೆಳಗು ಮಾಡುವ ಒಂದು ಆಟವುಂಟು. ಪ್ರೋಗ್ರಾಂ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಬೇಕು, ಓದಿದ ಮನುಷ್ಯರಿಗೆ ಮಾತ್ರ ಅದು ಏನು ಮಾಡುತ್ತದೆಂದು ತಲೆಬುಡ ತಿಳಿಯಬಾರದು. ಹಣಕ್ಕಲ್ಲ, ಉದ್ಯೋಗಕ್ಕಲ್ಲ, ಬರೀ ಮೋಜಿಗೆ ಲೋಕದ ಮೂಲೆಮೂಲೆಯಲ್ಲಿ ಕೆಲವರು ಹೀಗೆ ಬರೆಯುತ್ತಾರೆ. ನಾವು ಇದನ್ನು 'ಗಂಟು ಹಾಕುವುದು' ಎನ್ನುತ್ತೇವೆ.

ನಾವು ಎಂದರೆ ಮಿಸ್ರಿಯಾ ಎಂಬ ನಾನು ಮತ್ತು ಕುಸುಮಕ್ಕ. ಮರ್ಕಂಜವೆಂಬ ಹಳ್ಳಿಯ ಕುಸುಮಾವತಿ ನಮ್ಮ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು, ಈಗ ನಿವೃತ್ತರು. ಒಂದು ದಿನ ಲ್ಯಾಬಿಗೆ ಬಂದವರು ನಾನು ಬೋರ್ಡಿನ ಮೇಲೆ ತಮಾಷೆಗೆ ಬರೆದಿದ್ದ ಒಂದು ಗಂಟನ್ನು ನೋಡಿ, ಚಹಾ ಆರುವುದರೊಳಗೆ ಬಿಚ್ಚಿಬಿಟ್ಟರು. ಮರುದಿನ ತಾವೇ ಒಂದು ಗಂಟು ತಂದರು. ಅಂದಿನಿಂದ ಒಬ್ಬರು ಹಾಕುವುದು, ಇನ್ನೊಬ್ಬರು ಬಿಚ್ಚುವುದು ನಡೆದೇ ಇದೆ. ಹಾಗೆ ಇಬ್ಬರೂ ಸೇರಿ ಹಾಕಿದ ಒಂದು ದೊಡ್ಡ ಗಂಟು ಜಾರ್ಜಿಯಾದ ಟಿಬಿಲಿಸಿಯ ಸ್ಪರ್ಧೆಗೆ ಆಯ್ಕೆಯಾಯಿತು. ಅಮೆರಿಕದ ಜಾರ್ಜಿಯಾ ಅಲ್ಲ, ಕಪ್ಪು ಸಮುದ್ರದ ದಡದ ಪುಟ್ಟ ದೇಶ.

ನನ್ನ ಗಂಡ ಲತೀಫ್‌ಗೆ ಪುತ್ತೂರಿನ ಹತ್ತಿರದ ಪುಟ್ಟ ಊರಾದ ನಮ್ಮ ಕುಂಬ್ರದಲ್ಲಿ ಟಯರ್ ಅಂಗಡಿ. ಸುದ್ದಿ ಕೇಳಿ ನಮ್ಮ ಬ್ಯಾರಿ ಭಾಷೆಯಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ, "ಪಂಕ್ಚರ್ ಹಾಕಿದವನಿಗೆ ದುಡ್ಡು ಕೊಡುದು ಗೊತ್ತುಂಟು. ಪಂಕ್ಚರ್ ಮಾಡಿದವರಿಗೆ ಬಹುಮಾನ ಕೊಡುದು ಈಗ ಕೇಳಿದ್ದು. ಹೋಗಿ ಬಾ, ಗೆದ್ದು ಬಾ."

ಮನಾನಾ ಅವರ ಮನೆ

ನಾವು ಇಳಿದುಕೊಂಡದ್ದು ಹಳೆ ಪೇಟೆಯ ಒಂದು ಮನೆಯಲ್ಲಿ. ಕಿರಿದಾದ ಏರುದಾರಿ, ಕೆತ್ತನೆಯ ಮರದ ಬಾಲ್ಕನಿ, ಅಂಗಳದ ಮೇಲೆ ಚಪ್ಪರದಂತೆ ಹಬ್ಬಿದ ದ್ರಾಕ್ಷಿ ಬಳ್ಳಿ. ಮನೆಯೊಡತಿ ಮನಾನಾ ಕುಸುಮಕ್ಕನ ಪ್ರಾಯದವರು. ಇಂಗ್ಲಿಷ್ ನಾಲ್ಕೇ ನಾಲ್ಕು ಮಾತು. ಕಿಟಕಿಯ ಬಳಿ ಕೂತಿದ್ದ ಮುದುಕರೊಬ್ಬರನ್ನು ಆಕೆ 'ಮಾಮಾ' ಎಂದು ಕರೆಯುತ್ತಿದ್ದರು. ಸೋದರಮಾವನಿರಬೇಕೆಂದು ನಾವೂ ಹಾಗೆಯೇ ಕರೆದೆವು. ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕೇ ನಕ್ಕರು. ಆ ಭಾಷೆಯಲ್ಲಿ 'ಮಾಮಾ' ಎಂದರೆ ಅಪ್ಪ, 'ದೆದಾ' ಎಂದರೆ ಅಮ್ಮ ಎಂದು ಆಮೇಲೆ ಗೊತ್ತಾಯಿತು. ಎಲ್ಲಿಂದಲೋ ಬಂದ ಇಬ್ಬರು ಹೆಂಗಸರು ಒಂದೇ ದಿನದಲ್ಲಿ ಅವರ ಹೆಣ್ಣುಮಕ್ಕಳಾಗಿದ್ದೆವು.

ಊಟದ್ದು ನನಗೆ ಚಿಂತೆ. ಹಲಾಲ್ ಎಂಬ ಮಾತು ಮನಾನಾ ಅವರಿಗೆ ತಿಳಿಯಲಿಲ್ಲ. ಕಾಗದದ ಮೇಲೆ ಒಂದು ಹಂದಿ ಬರೆದು ಅದರ ಮೇಲೆ ಗೀಟು ಎಳೆದೆ. ನನ್ನ ಹಂದಿ ನಾಯಿಯ ಹಾಗೆ ಕಂಡಿತೋ ಏನೋ, ಆಕೆ ಗಾಬರಿಯಾಗಿ ಎದೆ ಮುಟ್ಟಿಕೊಂಡು, ತಾವು ಅಂಥದ್ದೆಲ್ಲ ತಿನ್ನುವವರಲ್ಲ ಎಂದು ತಲೆ ಅಲ್ಲಾಡಿಸಿದರು. ಕುಸುಮಕ್ಕ ಅದಕ್ಕೆ ಸುರುಳಿ ಬಾಲ ಬರೆದ ಮೇಲೆ ಎಲ್ಲ ಸರಿಹೋಯಿತು. ಅಂದಿನಿಂದ ನಮಗೆ ಬೀನ್ಸ್ ಕಾಳಿನ ಸಾರು, ಚೀಸ್ ತುಂಬಿದ ರೊಟ್ಟಿ, ಅಕ್ರೋಟಿನ ಚಟ್ನಿ ಸವರಿ ಸುತ್ತಿದ ಬದನೆಕಾಯಿ. ಎಲ್ಲದಕ್ಕೂ ಕೈತುಂಬ ಕೊತ್ತಂಬರಿ ಸೊಪ್ಪು.

"ಚಹಾಕ್ಕೆ ಮಾತ್ರ ಇವರು ಕೊತ್ತಂಬರಿ ಹಾಕುದಿಲ್ಲ" ಎಂದರು ಕುಸುಮಕ್ಕ. ಕಡಬದ ಮಗಳ ಮನೆಗೆ ಹೋಗುವಾಗಲೂ ಕೈಚೀಲ ಮಾತ್ರ ಒಯ್ಯುವ ಅವರು ಇಲ್ಲಿಗೆ ಅರ್ಧ ಅಡುಗೆಮನೆಯನ್ನೇ ಕಟ್ಟಿಕೊಂಡು ಬಂದಿದ್ದರು. ಅವರ ಮಾವಿನ ಮಿಡಿ ಉಪ್ಪಿನಕಾಯಿ ಮನಾನಾ ಅವರ ಮಾಮಾನಿಗೆ ತುಂಬಾ ಹಿಡಿಸಿತು.

ರೊಟ್ಟಿ ಹುಡುಕಿಕೊಂಡು

ಟಿಬಿಲಿಸಿಯಲ್ಲಿ ನಮಗೆ ಪದೇ ಪದೇ ಮೋಸ ಮಾಡಿದ್ದು ಅಲ್ಲಿನ ಬೋರ್ಡುಗಳು. ಅವರ ಅಕ್ಷರಗಳು ನಮ್ಮವುಗಳ ಹಾಗೆಯೇ ಗುಂಡು ಗುಂಡು. ದೂರದಿಂದ ನೋಡಿದರೆ ಕನ್ನಡದಲ್ಲೇ ಏನೋ ಬರೆದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಒಂದೂ ನಮ್ಮದಲ್ಲ. ಬಸ್ಸಿನಲ್ಲಿ ಹೋಗುವಾಗ ಕುಸುಮಕ್ಕ ಓದಲೆಂದು ಬಾಯಿ ತೆರೆಯುವುದು, ಮುಚ್ಚುವುದು ನಡೆದೇ ಇತ್ತು.

ಮರುದಿನ ಬೆಳಗ್ಗೆ ರೊಟ್ಟಿ ತರೋಣವೆಂದು ಹೊರಟೆವು. ಒಂದು ಅಂಗಡಿಯಿಂದ ಬಿಸಿ ಹಬೆ ಬರುತ್ತಿತ್ತು, ರೊಟ್ಟಿಯ ಪರಿಮಳವೂ ಇತ್ತು. ಒಳಗೆ ಹೋದೆವು. ಎದುರಿಗೆ ಬಂದ ದಪ್ಪ ಹೆಂಗಸಿಗೆ ನಮ್ಮ ಮಾತು ತಿಳಿಯಲಿಲ್ಲ. ಕುಸುಮಕ್ಕ ಎರಡೂ ಕೈಯಲ್ಲಿ ಗಾಳಿಯಲ್ಲೇ ಹಿಟ್ಟು ನಾದಿ ತೋರಿಸಿದರು. ಆಕೆಗೆ ಖುಷಿಯಾಯಿತು. ಕುಸುಮಕ್ಕನನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿ, ಜಡೆ ಬಿಚ್ಚಿ, ತಲೆಗೆ ಬಿಸಿನೀರು ಬಿಟ್ಟೇಬಿಟ್ಟಳು. ನಾವು ಹೊಕ್ಕದ್ದು ಕ್ಷೌರದಂಗಡಿ. ಹಿಟ್ಟು ನಾದುವುದಕ್ಕೂ ತಲೆಗೆ ಶಾಂಪೂ ತಿಕ್ಕುವುದಕ್ಕೂ ಕೈಯಲ್ಲಿ ತೋರಿಸುವಾಗ ವ್ಯತ್ಯಾಸವಿಲ್ಲ.

"ಏಳಿ ಕುಸುಮಕ್ಕ" ಎಂದು ಕೈ ಹಿಡಿದು ಎಳೆದೆ.

"ಈಗ ಎಂತ ಏಳುದು ಮಾರಾಯ್ತಿ, ಅರ್ಧ ತಲೆ ನೊರೆ ಉಂಟು. ಅವಳಿಗೆ ಬೇಜಾರಾಗ್ತದೆ. ಒಳ್ಳೆದೇ ಆಗ್ತಾ ಉಂಟು, ನೀನು ಸುಮ್ನೆ ಕೂತ್ಕೋ."

ತಲೆ ತೊಳೆಸಿಕೊಂಡು, ಬಾಚಿಸಿಕೊಂಡು ಎದ್ದ ಮೇಲೆ ಕುಸುಮಕ್ಕ ಬಾಯಿಗೆ ತುತ್ತು ಇಡುವ ಹಾಗೆ ಮಾಡಿದರು. ಆಕೆಗೆ ಆಗ ಹೊಳೆಯಿತು. ಗೋಡೆ ಹಿಡಿದು ನಗುತ್ತಾ ನಮ್ಮಿಬ್ಬರನ್ನೂ ಪಕ್ಕದ ಕಟ್ಟಡದ ನೆಲಮಾಳಿಗೆಗೆ ಕರೆದೊಯ್ದಳು. ಅಲ್ಲಿ ಒಬ್ಬ ಮನುಷ್ಯ ಬಾವಿಯಂಥ ಒಲೆಯೊಳಕ್ಕೆ ಸೊಂಟದವರೆಗೆ ಬಗ್ಗಿ ದೋಣಿಯಾಕಾರದ ರೊಟ್ಟಿಗಳನ್ನು ಒಳಗೋಡೆಗೆ ಅಂಟಿಸುತ್ತಿದ್ದ. ಬೋರ್ಡು ಅಲ್ಲೂ ಇತ್ತು. ಗುಂಡಕ್ಷರದಲ್ಲಿ ದೊಡ್ಡದಾಗಿ, ಮುಚ್ಚುಮರೆಯಿಲ್ಲದೆ ರೊಟ್ಟಿ ಎಂದೇ ಬರೆದಿತ್ತಂತೆ.

ಸಭಾಂಗಣ, ಮೊದಲ ದಿನ

ಸ್ಪರ್ಧೆ ನಡೆದದ್ದು ಹಳೆಯ ನೂಲಿನ ಕಾರ್ಖಾನೆಯೊಂದನ್ನು ರಿಪೇರಿ ಮಾಡಿ ಕಟ್ಟಿದ ಸಭಾಂಗಣದಲ್ಲಿ. ಒಸಾಕಾದಿಂದ ಬಂದ ಒಬ್ಬನ ಪ್ರೋಗ್ರಾಂ ಬೆಕ್ಕಿನ ಆಕಾರದಲ್ಲಿತ್ತು, ಓಡಿಸಿದರೆ ಗಡಿಯಾರವಾಗುತ್ತಿತ್ತು. ಇನ್ನೊಬ್ಬಳದು ಹಿಂದಿನಿಂದ ಮುಂದಕ್ಕೆ ಓದಿದರೂ ಅದೇ ಕೆಲಸ ಮಾಡುತ್ತಿತ್ತು. ಒಬ್ಬೊಬ್ಬರ ಗಂಟು ಪರದೆಯ ಮೇಲೆ ಬಂದಾಗಲೂ ಸಭೆಯಲ್ಲಿ ನಮ್ಮೂರಿನ ಕಬಡ್ಡಿ ನೋಡುವವರ ಉದ್ಗಾರ. ನಾವಿಬ್ಬರೇ ಅಂದುಕೊಂಡಿದ್ದ ಹುಚ್ಚು ಇಷ್ಟು ಜನಕ್ಕೆ ಇದೆಯೆಂದು ಕಂಡು ನನಗೆ ತವರಿಗೆ ಬಂದ ಹಾಗಾಯಿತು.

ಆಮೇಲೆ ನಮ್ಮದು. ನಮ್ಮ ಪ್ರೋಗ್ರಾಂ ನೋಡಲು ಒಂದು ಚೆನ್ನೆಮಣೆ, ಬೇರೆ ಕಡೆ ಅಳಗುಳಿಮಣೆ ಎನ್ನುವ ಆಟದ ಹಲಗೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಪ್ರತಿ ಗುಳಿಯಲ್ಲೂ ಕೆಂಪು ಮಂಜೊಟ್ಟಿ ಬೀಜದ ಕಾಯಿಗಳ ಬದಲು ಕನ್ನಡ ಅಕ್ಷರಗಳು: ಠ, ರ, ದ, ಬ, ಲ. ಅದನ್ನು ಓಡಿಸಿದರೆ ಯಾವ ಗುಳಿಯಿಂದ ಕಾಯಿ ಎತ್ತುತ್ತೀರಿ ಎಂದು ಕೇಳುತ್ತದೆ. ನೀವು ಹೇಳಿದ ಗುಳಿಯ ಕಾಯಿಗಳನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚಿ, ತನ್ನ ಸರದಿಯನ್ನೂ ಆಡಿ, ಕೊನೆಗೆ ಒಂದು ಹೊಸ ಪ್ರೋಗ್ರಾಂ ಬರೆದುಕೊಡುತ್ತದೆ. ಆ ಹೊಸ ಪ್ರೋಗ್ರಾಂ ಕೂಡ ಚೆನ್ನೆಮಣೆಯೇ, ಅಕ್ಷರಗಳು ಮಾತ್ರ ಆಟ ಮುಂದುವರಿದ ಹಾಗೆ ಜಾಗ ಬದಲಿಸಿರುತ್ತವೆ. ಅದನ್ನು ಓಡಿಸಿದರೆ ಮುಂದಿನ ಸರದಿ. ಆಟವನ್ನು ಅದು ಬೇರೆಲ್ಲೂ ನೆನಪಿಟ್ಟುಕೊಳ್ಳುವುದಿಲ್ಲ. ಪ್ರೋಗ್ರಾಂ ಬರೆದ ಕಾಗದವೇ ಮಣೆ, ಅಕ್ಷರಗಳೇ ಕಾಯಿ.

ಪರದೆಯ ಮೇಲೆ ಅಕ್ಷರಗಳು ಗುಳಿಯಿಂದ ಗುಳಿಗೆ ಹೋದಾಗ ಚಪ್ಪಾಳೆ ಬಿತ್ತು. ತೀರ್ಪುಗಾರರ ಮುಖ್ಯಸ್ಥ ಗಿಯೋರ್ಗಿ, ಬಿಳಿಗಡ್ಡದ ಭಾರೀ ಆಳು, ಅಲ್ಲಿನವರೇ. ಅವರು ಎದ್ದು ನಿಂತೇಬಿಟ್ಟರು. "ಇಷ್ಟು ಚೆಂದದ ಅಕ್ಷರಗಳು! ನಮ್ಮವುಗಳ ಅಕ್ಕತಂಗಿಯರ ಹಾಗಿವೆ. ಇಲ್ಲಿ ಬೀಗ ಬೇರೆ ಬೇಕಿಲ್ಲ, ಲಿಪಿಯೇ ಬೀಗ!"

ಆಗ ಮೂರನೇ ಸಾಲಿನಿಂದ ಒಂದು ಕೈ ಮೇಲೆದ್ದಿತು. ಕ್ರಾಕೋವ್‌ನಿಂದ ಬಂದಿದ್ದ ಅಗಾತಾ ಎಂಬ ತರುಣಿ. "ಕ್ಷಮಿಸಿ. ಕನ್ನಡ ಬಲ್ಲ ಮಗುವಿಗೆ ಇದು ಬೀಗವಲ್ಲ. ನಮಗೆ ಓದಲು ಬಾರದ್ದು ನಮ್ಮ ಅಜ್ಞಾನ, ಅವರ ಜಾಣತನವಲ್ಲ. ಅಕ್ಷರದ ಕೆಳಗೆ ನಿಜವಾದ ಗಂಟು ಇದೆಯೋ ಇಲ್ಲವೋ ಎಂದು ನಾವು ಹೇಗೆ ಹೇಳುವುದು?"

ಸಭೆ ಗುಜುಗುಜು ಎಂದಿತು. ತೀರ್ಪುಗಾರರು ತಲೆಗೆ ತಲೆ ಕೊಟ್ಟು ಮಾತಾಡಿದರು. ಕೊನೆಗೆ ಗಿಯೋರ್ಗಿ ಪ್ರೀತಿಯಿಂದಲೇ ಹೇಳಿದರು, ಈ ಪ್ರೋಗ್ರಾಂಗೆ ಲಿಪಿಯ ಸೌಂದರ್ಯಕ್ಕಾಗಿ ವಿಶೇಷ ಮನ್ನಣೆ, ಮುಖ್ಯ ಸ್ಪರ್ಧೆಯಲ್ಲಿ ಮಾತ್ರ ಇದನ್ನು ಪರಿಗಣಿಸುವುದಿಲ್ಲ. ಮತ್ತೆ ಚಪ್ಪಾಳೆ.

ಕುಸುಮಕ್ಕ ಮೊದಲು ಕೈ ಮುಗಿದರು. ಪೂರ್ತಿ ಅರ್ಥವಾದ ಮೇಲೆ ಮುಖ ಕೆಂಪಾಯಿತು. "ಇದೆಂತ ಕಥೆ? ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಹಾಕಿದ ಗಂಟು ಇವರಿಗೆ ರಂಗೋಲಿಯ ಹಾಗೆ ಕಂಡದ್ದಾ?"

ನನಗೂ ಉರಿಯುತ್ತಿತ್ತು. ಆದರೆ ಅಗಾತಾಳ ಮೇಲೆ ಸಿಟ್ಟು ಬರಲಿಲ್ಲ. ಬೆಳಗ್ಗೆಯಷ್ಟೇ ನಾವು ಕ್ಷೌರದಂಗಡಿಗೆ ಹೊಕ್ಕಿದ್ದೆವು. ಆ ಬೋರ್ಡು ಏನನ್ನೂ ಅಡಗಿಸಿರಲಿಲ್ಲ, ಓದಲು ಬಾರದವರು ನಾವಾಗಿದ್ದೆವು. ಹುಡುಗಿ ಹೇಳಿದ್ದು ನ್ಯಾಯವೇ. ಅದಕ್ಕೆ ಉತ್ತರವಾಗಿ ಗಂಟನ್ನೇ ತೋರಿಸಬೇಕಿತ್ತು.

ನಾನು ಗಿಯೋರ್ಗಿಯವರ ಬಳಿ ಹೋದೆ. "ಈ ಮನ್ನಣೆ ನಮಗೆ ಬೇಡ. ನಾಳೆ ಬೆಳಗ್ಗೆ ಇದೇ ಪ್ರೋಗ್ರಾಂ ಅನ್ನು ಇಂಗ್ಲಿಷ್ ಅಕ್ಷರದಲ್ಲಿ ತರುತ್ತೇನೆ. ಯಾರಾದರೂ ಬಿಚ್ಚಿದರೆ ನಾವು ಸೋತೆವು. ಯಾರಿಗೂ ಆಗದಿದ್ದರೆ ನಮ್ಮನ್ನು ಸ್ಪರ್ಧೆಗೆ ಸೇರಿಸಬೇಕು."

ಅವರು ಗಡ್ಡ ನೀವಿಕೊಂಡು ನನ್ನನ್ನೂ ಕುಸುಮಕ್ಕನನ್ನೂ ನೋಡಿದರು. "ಆಗಲಿ" ಎಂದರು.

ಹೊರಗೆ ಬಂದ ಮೇಲೆ ಕುಸುಮಕ್ಕ, "ಕೈಗೆ ಬಂದದ್ದನ್ನೂ ವಾಪಸ್ ಕೊಟ್ಟಿಯಲ್ಲ ಮಾರಾಯ್ತಿ!" ಎಂದರು. ಸ್ವಲ್ಪ ದೂರ ನಡೆದು ಮತ್ತೆ, "ಕೊಟ್ಟದ್ದು ಒಳ್ಳೆದಾಯ್ತು. ಕನಿಕರದ್ದು ನಮಗೆ ಬೇಡ" ಎಂದರು.

ಅಡುಗೆಮನೆಯ ಮೇಜು

ಅಕ್ಷರ ಬದಲಿಸುವುದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸವೆಂದು ತಿಳಿದಿದ್ದೆ. ಠ ಇದ್ದಲ್ಲಿ ಎ, ರ ಇದ್ದಲ್ಲಿ ಬಿ. ಮನಾನಾ ಅವರ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಬದಲಿಸಿದೆ, ಓಡಿಸಿದೆ. ಆಟ ಹುಚ್ಚೆದ್ದಿತು. ಒಂದು ಗುಳಿಯಿಂದ ಎತ್ತಿದ ಕಾಯಿಗಳು ಎಲ್ಲೆಲ್ಲೋ ಬಿದ್ದವು, ಕೆಲವು ಮಾಯವಾದವು. ಹೊಸದಾಗಿ ಬರೆದುಕೊಟ್ಟ ಪ್ರೋಗ್ರಾಂ ಓಡಲೇ ಇಲ್ಲ.

ಎಲ್ಲಿ ತಪ್ಪಿತೆಂದು ಹುಡುಕಲು ಕೂತೆ. ಓದಲಾಗಬಾರದೆಂದೇ ಬರೆದದ್ದಲ್ಲವೇ, ಈಗ ನನಗೇ ಓದಲಾಗಲಿಲ್ಲ. ಒಂದು ಸಾಲು ಹಿಡಿದು ಹೊರಟರೆ ಅದು ಇನ್ನೊಂದರೊಳಗೆ ನುಗ್ಗಿ ನನ್ನನ್ನು ಹೊರಟಲ್ಲಿಗೇ ತಂದು ಬಿಡುತ್ತಿತ್ತು. ಇದನ್ನು ಬರೆದಾಗ ಎಷ್ಟು ಹಿಗ್ಗಿದ್ದೆನೋ ಈಗ ಅಷ್ಟೇ ಕಂಗಾಲಾದೆ. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು.

"ನನ್ನಿಂದಾಗುದಿಲ್ಲ ಕುಸುಮಕ್ಕ. ನಾಳೆ ಹೋಗಿ ಕ್ಷಮೆ ಕೇಳುವ."

"ನೀನು ಆ ಪರದೆಯನ್ನು ನೋಡಿದ್ದು ಸಾಕು. ಏಳು. ನಾವು ಆಡಿ ನೋಡುವ."

ಕುಸುಮಕ್ಕ ಮನಾನಾ ಅವರಿಂದ ಚಹಾದ ಕಪ್ಪುಗಳನ್ನೂ ಬಸಿಗಳನ್ನೂ ಕೇಳಿ ಪಡೆದು ಮೇಜಿನ ಮೇಲೆ ಎರಡು ಸಾಲು ಜೋಡಿಸಿದರು. ಬುಟ್ಟಿಯಲ್ಲಿದ್ದ ಅಕ್ರೋಟು ಒಡೆದು, ತಿರುಳಿನ ಚೂರುಗಳನ್ನು ಒಂದೊಂದರಲ್ಲಿ ನಾಲ್ಕು ನಾಲ್ಕು ಇಟ್ಟರು. ಮೊದಲು ಕನ್ನಡದ್ದು, ಆಮೇಲೆ ಇಂಗ್ಲಿಷಿನದು, ಕಂಪ್ಯೂಟರ್ ತನ್ನೊಳಗಿನ ಸಾಲಿನಲ್ಲಿ ಯಾವ ಕಾಯಿಯನ್ನು ಎಲ್ಲಿ ಹಾಕಿತೆಂದು ನಾನು ಓದಿ ಹೇಳುವುದು, ಅವರು ಅಕ್ರೋಟು ಸರಿಸುವುದು. ಮನಾನಾ ಏನೆಂದು ತಿಳಿಯದೆಯೂ ಪಕ್ಕದಲ್ಲೇ ಕೂತರು. ಕುಸುಮಕ್ಕ ಆಡುತ್ತಾ ಆಡುತ್ತಾ ಕೈ ತಡೆದರು. ನೆರಿಗೆ ಹಿಡಿದ ಹಣೆ, ಕೈಯಲ್ಲಿ ಒಂದು ಚೂರು.

"ಮಿಸ್ರಿಯಾ, ನೋಡು. ಕನ್ನಡದ್ದು ಮೂರು ಗುಳಿ ದಾಟುವ ಕಡೆ ಇದು ಒಂದೇ ಗುಳಿ ಹೋಗ್ತಾ ಉಂಟು. ಪ್ರತಿ ಸಲವೂ. ಮೂರಕ್ಕೆ ಒಂದು. ಎಂತದು ಇದು ಮೂರು?"

ಆ ಮೂರು ಕೇಳಿದ್ದೇ ನನಗೆ ಹೊಳೆಯಿತು. ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಮನೆ ಜಾಗ ಸಾಕು. ಕನ್ನಡದ ಒಂದು ಅಕ್ಷರ ಮೂರು ಮನೆ ಹಿಡಿಯುತ್ತದೆ. ಹಿಂದೊಮ್ಮೆ ನಾನು ಅದನ್ನೇ ಒಂದು ಗಂಟು ಮಾಡಿದ್ದೆ. ಒಂದು ಅಕ್ಷರ ಎಷ್ಟು ಮನೆ ಹಿಡಿಯುತ್ತದೋ ಅಷ್ಟು ದಾಟಿದರೆ ಮುಂದಿನ ಗುಳಿ ಸಿಗುವಂತೆ, ಗುಳಿಗಳನ್ನು ಪ್ರೋಗ್ರಾಂ ಒಳಗೆ ಸಾಲಾಗಿ ಇಡದೆ ಮೂರು ಮೂರು ದಾಟಿ ಅಡಗಿಸಿದ್ದೆ. ಹದಿನಾಲ್ಕು ಗುಳಿಗಳನ್ನು ಎರಡೆರಡಾಗಿ ದಾಟಿದರೆ ಅರ್ಧ ಗುಳಿಗಳಿಗೆ ಹೋಗುವುದೇ ಇಲ್ಲ, ಮೂರು ಮೂರಾಗಿ ದಾಟಿದರೆ ಸುತ್ತು ಬರುತ್ತಾ ಒಂದನ್ನೂ ಬಿಡದೆ ಮುಟ್ಟುತ್ತದೆ. ಆ ಲೆಕ್ಕ ಹೇಳಿಕೊಟ್ಟವರು ಕುಸುಮಕ್ಕನೇ. ಕನ್ನಡ ಅಕ್ಷರ ಅದರ ಮೇಲಿನ ಅಂಗಿಯಲ್ಲ, ಒಳಗಿನ ಎಲುಬಾಗಿತ್ತು. ಅದನ್ನು ಇಬ್ಬರೂ ಮರೆತಿದ್ದೆವು.

"ಒಂದು ಕನ್ನಡ ಅಕ್ಷರಕ್ಕೆ ಬದಲು ಮೂರು ಇಂಗ್ಲಿಷ್ ಅಕ್ಷರ ಹಾಕಿದ್ರೆ?" ಎಂದೆ.

"ಹಾಕಿ ನೋಡು."

ಹಾಕಿದೆ. ಗುಳಿಗಳು ಊದಿಕೊಂಡವು, ಮಣೆ ಅಗಲವಾಯಿತು. ಓಡಿಸಿದೆ. ಯಾವ ಗುಳಿ ಎಂದು ಕೇಳಿತು. ಕುಸುಮಕ್ಕ ಸಂಖ್ಯೆ ಒತ್ತಿದರು. ಕಾಯಿಗಳು ಒಂದೊಂದಾಗಿ, ಬೀಳಬೇಕಾದಲ್ಲೇ ಬಿದ್ದವು. ನಾನು ಕೂಗಿದ ಕೂಗಿಗೆ ಮಾಮಾ ಕಿಟಕಿಯ ಬಳಿಯಿಂದ ಎದ್ದು ಬಂದರು. ಮನಾನಾ ಅಷ್ಟರಲ್ಲಿ ಆಟ ಕಲಿತಾಗಿತ್ತು. ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಬಸಿಯಿಂದ ಬಸಿಗೆ ಅಕ್ರೋಟು ಹಂಚತೊಡಗಿದರು.

ಬೆಟ್ಟದ ಬುಡದ ಮಸೀದಿ

ಮರುದಿನ ಬೆಳಗ್ಗೆ ಸಭಾಂಗಣಕ್ಕೆ ಹೋಗುವ ಮೊದಲು ಬಿಸಿನೀರಿನ ಸ್ನಾನಗೃಹಗಳ ಮೇಲ್ಗಡೆ ಇರುವ ಕೆಂಪು ಇಟ್ಟಿಗೆಯ ಮಸೀದಿಗೆ ಹೋದೆ. ಒಳಗೆ ನೀಲಿ ಬಣ್ಣದ ಚಿತ್ತಾರ. ಎದೆಯ ಮೇಲೆ ಕೈಕಟ್ಟಿ ನಿಂತವರೂ ಕೈ ಇಳಿಬಿಟ್ಟು ನಿಂತವರೂ ಒಂದೇ ಸೂರಿನಡಿ ಒಟ್ಟಿಗೆ ನಮಾಜ್ ಮಾಡುತ್ತಿದ್ದರು. ಸುನ್ನಿಗಳಿಗೂ ಶಿಯಾಗಳಿಗೂ ಇಲ್ಲಿ ಇದೊಂದೇ ಮಸೀದಿಯಂತೆ. ನಮ್ಮ ಕಡೆ ನಾನು ಇದನ್ನು ನೋಡಿಲ್ಲ. ಹಿಂದೆ ಒಂದು ಮೂಲೆಯಲ್ಲಿ ಕೂತು ಇವತ್ತು ನಾಲಗೆ ತೊದಲದಿರಲಿ ಎಂದು ದುವಾ ಮಾಡಿದೆ. ಹೊರಗೆ ಮೆಟ್ಟಿಲ ಮೇಲೆ ಕುಸುಮಕ್ಕ ನನ್ನ ಚಪ್ಪಲಿ ಕಾಯುತ್ತಾ ಕೂತಿದ್ದರು. "ನನ್ನ ಪರವಾಗಿಯೂ ಕೇಳಿದ್ಯಾ?" ಎಂದರು. ಕೇಳಿದ್ದೆ.

ಸಭಾಂಗಣ, ಕೊನೆಯ ದಿನ

ಇಂಗ್ಲಿಷ್ ಅಕ್ಷರದ ಪ್ರತಿಗಳನ್ನು ಎಲ್ಲರಿಗೂ ಹಂಚಿದೆವು. ಆಟವನ್ನು ಅವರು ನಿನ್ನೆಯೇ ನೋಡಿದ್ದರು. ಹಾಗಾಗಿ ಪ್ರಶ್ನೆ, ಇದು ಏನು ಮಾಡುತ್ತದೆ ಎಂಬುದಲ್ಲ, ಹೇಗೆ ಮಾಡುತ್ತದೆ ಎಂಬುದು. ಎತ್ತಿದ ಕಾಯಿ ಮುಂದಿನ ಗುಳಿಗೆ ಹೋಗುವ ದಾರಿಯನ್ನು ತೋರಿಸಿದವರು ಗೆದ್ದ ಹಾಗೆ. ಗಿಯೋರ್ಗಿ ಕಾಫಿ ತರಿಸಿ, ಕಾಫಿ ಮುಗಿಯುವವರೆಗೆ ಸಮಯ ಎಂದರು.

ಪೆನ್ಸಿಲುಗಳ ಸದ್ದು ಮಾತ್ರ. ಒಬ್ಬ ಕಾಗದವನ್ನು ತಿರುಗಿಸಿ ಹಿಡಿದ. ಒಸಾಕಾದವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಅಗಾತಾ ಮಾತ್ರ ತಲೆಯೆತ್ತದೆ ಗೀಚುತ್ತಲೇ ಇದ್ದಳು. ಕುಸುಮಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. "ಆ ಹುಡುಗಿ ಹತ್ತಿರ ಬಂದಿದ್ದಾಳೆ" ಎಂದು ಪಿಸುಗುಟ್ಟಿದರು.

ಕಾಫಿ ಮುಗಿಯಿತು. ಯಾರೂ ಕೈಯೆತ್ತಲಿಲ್ಲ. ಅಗಾತಾ ನಿಧಾನವಾಗಿ ಎದ್ದಳು. "ಏನೋ ಹದಿನಾಲ್ಕರ ಸುತ್ತ ಸುತ್ತುತ್ತಿದೆ. ಅಲ್ಲಿಯವರೆಗೆ ಬಂದೆ. ಆದರೆ ಪಕ್ಕದ ಗುಳಿಗೆ ಹೋಗಬೇಕಾದ್ದು ಪಕ್ಕಕ್ಕೆ ಹೋಗುತ್ತಲೇ ಇಲ್ಲ, ಆದರೂ ಸರಿಯಾಗಿ ತಲುಪುತ್ತದೆ. ಯಾಕೆಂದು ತಿಳಿಯುತ್ತಿಲ್ಲ. ನಾನು ಸೋತೆ." ಕೂರುವ ಮೊದಲು ನಕ್ಕು, "ಬಿಚ್ಚಿ ತೋರಿಸಿ, ಇಲ್ಲದಿದ್ದರೆ ಇವತ್ತು ಊಟ ಸೇರುವುದಿಲ್ಲ" ಎಂದಳು.

ನಾನು ಬೋರ್ಡಿನ ಬಳಿ ಹೋದೆ. ಲ್ಯಾಬಿನಲ್ಲಿ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಎಳೆ ಹಿಡಿದು ಬಿಚ್ಚತೊಡಗಿದೆ. ಇಂಗ್ಲಿಷ್ ತಡವರಿಸಿತು, ಗಂಟು ತಡವರಿಸಲಿಲ್ಲ. ಮೂರರ ಲೆಕ್ಕ ಬಂದಾಗ ಕುಸುಮಕ್ಕನನ್ನು ಮುಂದಕ್ಕೆ ಕರೆದೆ. ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೋರ್ಡಿನ ಮೇಲೆ ಹದಿನಾಲ್ಕು ವೃತ್ತ ಬರೆದು, ಮೂರು ಮೂರು ದಾಟುತ್ತಾ ಗೆರೆ ಎಳೆದರು. ಗೆರೆ ಒಂದನ್ನೂ ಬಿಡದೆ ಎಲ್ಲವನ್ನೂ ಮುಟ್ಟಿ ಮೊದಲ ವೃತ್ತಕ್ಕೆ ಬಂದು ಸೇರಿತು. ಬೋರ್ಡಿನ ಮೇಲೆ ಒಂದು ನಕ್ಷತ್ರ ಮೂಡಿತ್ತು.

"ಆದರೆ ಮೂರೇ ಯಾಕೆ?" ಎಂದು ಅಗಾತಾ ಕೇಳಿದಳು. "ಐದಾದರೂ ಆಗುತ್ತಿತ್ತಲ್ಲ?"

ಆಗ ನಾನು ನಿನ್ನೆಯ ಕನ್ನಡದ ಪ್ರತಿಯನ್ನು ಮತ್ತೆ ಪರದೆಗೆ ತಂದೆ. "ನಮ್ಮ ಒಂದು ಅಕ್ಷರ ಕಂಪ್ಯೂಟರಿನಲ್ಲಿ ಮೂರು ಮನೆ ಹಿಡಿಯುತ್ತದೆ. ಈ ಗಂಟು ಹುಟ್ಟಿದ್ದೇ ಅಲ್ಲಿಂದ. ನಿನ್ನೆ ನಿಮ್ಮ ಪ್ರಶ್ನೆ ಸರಿಯಾಗಿಯೇ ಇತ್ತು. ಅಕ್ಷರ ಬಾರದ್ದಕ್ಕೆ ಓದಲಾಗದಿದ್ದರೆ ಅದು ಗಂಟಲ್ಲ. ಕನ್ನಡ ಬಲ್ಲವರಿಗೂ ಇದು ಗಂಟೇ. ನಿನ್ನೆ ಸಂಜೆ ಬರೆದವರಾದ ನಮಗೇ ಬಿಚ್ಚಲಾಗಲಿಲ್ಲ" ಎಂದೆ.

ಸಭೆ ನಗೆಯಲ್ಲಿ ಸ್ಫೋಟಿಸಿತು. ಆ ಕೊನೆಯ ಮಾತು ಅಲ್ಲಿದ್ದ ಎಲ್ಲರಿಗೂ ತಮ್ಮದೇ ಅನುಭವವಾಗಿತ್ತು. ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವಳು ಅಗಾತಾ. ಆಮೇಲೆ ಯಾರು ಕೂತಿದ್ದರು, ಯಾರು ನಿಂತಿದ್ದರು ನನಗೆ ಕಾಣಲಿಲ್ಲ, ಕಣ್ಣು ಮಂಜಾಗಿತ್ತು.

ಆ ಸ್ಪರ್ಧೆಯಲ್ಲಿ ಒಂದನೇ ಎರಡನೇ ಬಹುಮಾನವೆಂದು ಇಲ್ಲ. ಗೆದ್ದ ಪ್ರತಿಯೊಂದು ಪ್ರೋಗ್ರಾಂಗೂ ಅದರದೇ ಆದ ಒಂದು ಬಿರುದು ಕೊಡುತ್ತಾರೆ. ಸಂಜೆಗೆ ಮುನ್ನ ಗಿಯೋರ್ಗಿ ನಮ್ಮದನ್ನು ಓದಿದರು: 'ಎಲ್ಲಕ್ಕಿಂತ ಪ್ರಾಮಾಣಿಕ ಕಗ್ಗಂಟು'.

ಉದ್ದದ ಮೇಜು

ಬೀಳ್ಕೊಡುಗೆಯ ಊಟ ನದಿಯ ದಡದಲ್ಲಿ. ಜಾರ್ಜಿಯಾದವರ ಊಟವೆಂದರೆ ಸುಮ್ಮನೆ ಉಂಡು ಏಳುವುದಲ್ಲ. ಒಬ್ಬ ಹಿರಿಯ ಎದ್ದು ನಿಂತು, ಒಬ್ಬೊಬ್ಬರ ಹೆಸರಲ್ಲಿ ಮಾತಾಡಿ ಗ್ಲಾಸು ಎತ್ತುತ್ತಾನೆ. ಆಗ ಎಲ್ಲರೂ 'ಗೌಮರ್ಜೋಸ್' ಎಂದು ಕೂಗಿ ಕುಡಿಯಬೇಕು. ಗೆಲುವಾಗಲಿ ಎಂದರ್ಥ. ನಮ್ಮಿಬ್ಬರ ಗ್ಲಾಸಿನಲ್ಲಿ ದಾಳಿಂಬೆಯ ರಸವಿತ್ತು.

ಗಿಯೋರ್ಗಿಯೇ ಆ ಹಿರಿಯ. ಅವರ ಹಿಂದೆ ಗೋಡೆಯ ಮೇಲಿನ ಪರದೆಯಲ್ಲಿ ಗೆದ್ದವರ ಹೆಸರು, ಪಕ್ಕದಲ್ಲಿ ಅವರವರ ಊರು ಇತ್ತು. ಒಸಾಕಾ, ಕ್ರಾಕೋವ್, ಲಿಸ್ಬನ್. ನಮ್ಮ ಹೆಸರಿನ ಮುಂದೆ ಇಂಡಿಯಾ ಎಂದು ಮಾತ್ರ. ನಮ್ಮ ಸರದಿ ಬಂದಾಗ ಕುಸುಮಕ್ಕ ಕೈಯೆತ್ತಿದರು.

"ಸರ್, ಎಲ್ಲರದ್ದೂ ಊರು ಬರೆದಿದ್ದೀರಿ. ನಮ್ಮದು ಮಾತ್ರ ದೇಶ. ನಮಗೂ ಊರು ಉಂಟು" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಗಿಯೋರ್ಗಿ ಎದೆಯ ಮೇಲೆ ಕೈಯಿಟ್ಟು ತಪ್ಪಾಯಿತೆಂದರು. ಯಾವ ಊರು?

"ಪುತ್ತೂರು ಹೇಳಿ ಸಾಕು, ಕುಸುಮಕ್ಕ" ಎಂದು ನಾನು ಅವರ ಸೀರೆ ಜಗ್ಗಿದೆ. "ಕಾಲೇಜು ಅಲ್ಲೇ ಅಲ್ವಾ?"

"ಕಾಲೇಜು ಇರುದು ಪುತ್ತೂರಲ್ಲಿ. ಗಂಟು ಹಾಕಿದ್ದು ನಾವು." ಮತ್ತೆ ಆ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಲ್ಯಾಪ್‌ಟಾಪ್ ಮುಂದೆ ಕೂತಿದ್ದವರು ಒತ್ತುತ್ತಾ ಹೋದರು. ಒಸಾಕಾ, ಕ್ರಾಕೋವ್, ಲಿಸ್ಬನ್. ಅವುಗಳ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಕುಂಬ್ರ. ಅದರ ಪಕ್ಕದಲ್ಲಿ ಮರ್ಕಂಜ.

ಗಿಯೋರ್ಗಿ ಆ ಹೆಸರುಗಳನ್ನು ಬಾಯೊಳಗೆ ಒಮ್ಮೆ ಹೇಳಿ ನೋಡಿದರು. ಗ್ಲಾಸು ಎತ್ತಿದರು.

"ಕುಂಬ್ರ!" ಎಂದರು. "ಮರ್ಕಂಜ!"

"ಗೌಮರ್ಜೋಸ್!" ಎಂದು ಮೇಜಿನ ಎರಡೂ ಬದಿಯವರು ಎದ್ದು ನಿಂತು ಕೂಗಿದರು. ಅಗಾತಾಳ ಸ್ವರ ಎಲ್ಲರಿಗಿಂತ ಜೋರಾಗಿತ್ತು.

ಕುಸುಮಕ್ಕ ಗ್ಲಾಸು ಹಿಡಿದು ನಿಂತೇ ಇದ್ದರು. ಕುಡಿಯುವುದು ಮರೆತಿತ್ತು.

"ಇನ್ನೊಂದು ಸಲ ಹೇಳ್ಲಿಕ್ಕೆ ಹೇಳು ಮಾರಾಯ್ತಿ" ಎಂದರು.